ಮಗ್ಗದಿಂದ ಮೋಟಾರಿಗೆ: ಒಂದು ಹೆಸರಿನ ವಿಚಾರ

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಗೆ ಜಪಾನದ ಮಾತು ಬಂದಿತೆಂದರೆ ಅದು ಎರಡು ಹೆಸರುಗಳಲ್ಲಿ ಮುಗಿದುಹೋಗುತ್ತದೆ. ಒಂದು ಹಿರೋಶಿಮಾ, ಇನ್ನೊಂದು ಇನ್ನೋವಾ. ಮೊದಲನೆಯದನ್ನು ನಾವು ಪಠ್ಯಪುಸ್ತಕದಿಂದ ಬಲ್ಲೆವು; ಎರಡನೆಯದು ಚುನಾವಣೆಯ ಕಾಲಕ್ಕೆ ಧೂಳೆಬ್ಬಿಸಿಕೊಂಡು ಊರ ಅಗಸಿಯೊಳಗೆ ತಾನಾಗಿಯೇ ಬರುತ್ತದೆ. ಅದರಲ್ಲಿ ಕುಳಿತು ಬರುವವರು ಬೇರೆ, ನಿಂತು ನೋಡುವವರು ಬೇರೆ. ನಮ್ಮಂಥವರು ಹತ್ತುವುದು ಟಂಟಂ, ಇಲ್ಲವೆ ಹದಿನೈದು ಮಂದಿಯನ್ನು ತುರುಕಿದ ಕ್ರೂಸರು. ಆದರೂ ಟೊಯೊಟಾ ಎಂಬ ಹೆಸರಿನ ಮೇಲೆ ನಮ್ಮವರಿಗಿರುವ ನಂಬಿಗೆ ಅಷ್ಟಿಷ್ಟಲ್ಲ. ಬಾಡಿಗೆ ಗಾಡಿ ನಡೆಸುವ ನನ್ನ ಸೋದರಮಾವನು ತನ್ನ ಕ್ವಾಲಿಸನ್ನು ಮಾರಿ ಬಹಳ ವರ್ಷಗಳಾದವು. ಈಗಲೂ ಅದರ ನೆನಪು ತೆಗೆದರೆ ಸತ್ತ ಎತ್ತಿನ ಗುಣ ಹೇಳುವ ಒಕ್ಕಲಿಗನಂತೆ ಅವನ ದನಿ ಮೆತ್ತಗಾಗುತ್ತದೆ: “ಎಣ್ಣಿ ನೀರು ಅಷ್ಟ ನೋಡಿಕೊಂಡಿನಿ. ಒಂದು ದಿನಾನೂ ಅಡವ್ಯಾಗ ಕೈ ಬಿಡಲಿಲ್ಲ ನೋಡಪಾ ತಮ್ಮಾ.”

ಈ ಹೆಸರು ಎಲ್ಲಿಂದ ಬಂದಿತು? ನಮ್ಮ ತರಗತಿಯ ಮಿತ್ರರನೇಕರಿಗೆ ಇದಕ್ಕೆ ಸಿದ್ಧವಾದ ಉತ್ತರವಿದೆ. ಜಪಾನೀಯರ ರಕ್ತದಲ್ಲಿಯೇ ಶಿಸ್ತು ಇದೆಯಂತೆ. ನಮ್ಮ ರಕ್ತದಲ್ಲಿ ಅದು ಇಲ್ಲವಂತೆ. ಮಾತು ಮುಗಿಯಿತು, ಇನ್ನು ಚಹಾ ಕುಡಿಯಲು ಹೋಗಬಹುದು! ಈ ಉತ್ತರ ನನಗೆ ಸರ್ವಥಾ ಒಪ್ಪಿಗೆಯಿಲ್ಲ. ಇದು ಸುಳ್ಳಾಗಿರುವುದರ ಜೊತೆಗೆ ನಮ್ಮ ಮೈಗಳ್ಳತನಕ್ಕೆ ಒಳ್ಳೆಯ ಹೊದಿಕೆಯೂ ಆಗಿದೆ.

ಟೊಯೊಟಾದ ಕಥೆ ಕಾರಿನಿಂದ ಆರಂಭವಾಗುವುದಿಲ್ಲ, ಮಗ್ಗದಿಂದ ಆರಂಭವಾಗುತ್ತದೆ. 1867ರಲ್ಲಿ ಜಪಾನದ ಒಂದು ಹಳ್ಳಿಯ ಬಡಿಗನ ಮನೆಯಲ್ಲಿ ಸಾಕಿಚಿ ಟೊಯೊಡಾ ಹುಟ್ಟಿದನು. ಊರಿನ ಹೆಂಗಸರು ದಿನವೆಲ್ಲ ಕೈಮಗ್ಗದ ಮುಂದೆ ಬಳಲುವುದನ್ನು ನೋಡಿ ಬೆಳೆದ ಈತನು ತಂದೆಯಿಂದ ಕಲಿತ ಮರಗೆಲಸವನ್ನೇ ಬಂಡವಾಳ ಮಾಡಿಕೊಂಡು ಮಗ್ಗವನ್ನು ಸುಧಾರಿಸತೊಡಗಿದನು. ಒಂದೇ ಕೈಯಿಂದ ನಡೆಸಬಹುದಾದ ಮರದ ಮಗ್ಗಕ್ಕೆ 1891ರಲ್ಲಿ ಅವನಿಗೆ ಪೇಟೆಂಟು ದೊರೆಯಿತು. 1896ರ ಹೊತ್ತಿಗೆ ಯಂತ್ರಬಲದಿಂದ ನಡೆಯುವ ಮಗ್ಗವನ್ನು ಕಟ್ಟಿದನು. ಅದರ ವಿಶೇಷವೆಂದರೆ, ಹೊಕ್ಕಿನ ಎಳೆ ಹರಿದರೆ ಮಗ್ಗವು ತಾನಾಗಿಯೇ ನಿಲ್ಲುತ್ತಿತ್ತು. 1924ರಲ್ಲಿ ಪೂರ್ಣಗೊಂಡ ಅವನ ಸ್ವಯಂಚಾಲಿತ ಮಗ್ಗವು ನಿಲ್ಲದೆಯೇ ಲಾಳಿಯನ್ನು ಬದಲಿಸಿಕೊಳ್ಳುತ್ತಿತ್ತು. ಎಳೆ ಹರಿದರೆ ಮಾತ್ರ ನಿಂತುಬಿಡುತ್ತಿತ್ತು. ಒಬ್ಬ ಕೆಲಸಗಾರಳು ಮೂವತ್ತು ಮಗ್ಗಗಳನ್ನು ನೋಡಿಕೊಳ್ಳುವಂತಾಯಿತು. ಜಗತ್ತಿಗೆಲ್ಲ ಮಗ್ಗಗಳನ್ನು ಮಾರುತ್ತಿದ್ದ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಯು 1929ರಲ್ಲಿ ಒಂದು ಲಕ್ಷ ಪೌಂಡುಗಳಿಗೆ ಇದರ ಹಕ್ಕನ್ನು ಕೊಳ್ಳಲು ಒಪ್ಪಿತು. ಸಾಕಿಚಿಯ ಮಗ ಕಿಚಿರೊ ಮೋಟಾರು ಗಾಡಿಯ ಪ್ರಯೋಗಕ್ಕೆ ಇಳಿದಾಗ ಬೆನ್ನಿಗಿದ್ದದ್ದು ಈ ಮಗ್ಗದ ಗಳಿಕೆಯೇ.

ಇಲ್ಲಿ ನಮ್ಮ ಊರಿನ ಕಡೆಗೆ ಒಮ್ಮೆ ತಿರುಗಿ ನೋಡಬೇಕು. ಸಾಕಿಚಿಯು ಇಪ್ಪತ್ತು ವರ್ಷದವನಾಗಿ, ಎಂದರೆ ಈಗಿನ ನನ್ನ ವಯಸ್ಸಿನವನಾಗಿ, ಮರದ ತುಂಡುಗಳನ್ನು ಕೆತ್ತುತ್ತ ಕುಳಿತಿದ್ದ 1887ರಲ್ಲಿಯೇ ನಮ್ಮ ಘಟಪ್ರಭೆಯ ನೀರನ್ನು ಗೋಕಾಕ ಫಾಲ್ಸಿನಲ್ಲಿ ಯಂತ್ರ ತಿರುಗಿಸಲು ಹಚ್ಚಿದ್ದರು. ನಮ್ಮಲ್ಲಿ ನೂಲಿನ ಗಿರಣಿ ಇತ್ತು, ಜಲಶಕ್ತಿ ಇತ್ತು, ಸಾವಿರಾರು ಕೈಗಳಿದ್ದವು. ಸಾಕಿಚಿಯ ಬಳಿ ಇವು ಯಾವುವೂ ಇರಲಿಲ್ಲ. ಹಾಗಿದ್ದರೆ ಅಲ್ಲಿಯ ಮಗ್ಗ ಮೋಟಾರಾಯಿತು, ಇಲ್ಲಿಯ ನೂಲು ನೂಲಾಗಿಯೇ ಉಳಿಯಿತು, ಏಕೆ? ನನಗೆ ತೋರುವ ಮಟ್ಟಿಗೆ, ನಮ್ಮಲ್ಲಿ ಯಂತ್ರವು ವಿಲಾಯತಿಯಿಂದ ಪೆಟ್ಟಿಗೆಯಲ್ಲಿ ಬಂದಿತು, ಅದನ್ನು ನಡೆಸುವ ಅಪ್ಪಣೆಯು ಮುಂಬಯಿಯಿಂದ ಬಂದಿತು. ನೀರು ನಮ್ಮದು, ತೋಳು ನಮ್ಮದು. ಎಳೆ ಏಕೆ ಹರಿಯುತ್ತದೆ ಎಂಬುದನ್ನು ಕಂಡುಹಿಡಿಯುವ ಕೆಲಸ ಮಾತ್ರ ನಮ್ಮದಾಗಿರಲಿಲ್ಲ. ಅಲ್ಲಿ ಎಳೆ ಹರಿಯುವುದನ್ನು ಕಣ್ಣಾರೆ ಕಂಡವನೇ ಉಳಿಯನ್ನು ಕೈಗೆ ತೆಗೆದುಕೊಂಡನು.

ನಮ್ಮ ಸೀಮೆಯಲ್ಲಿ ಅಂಥವರು ಹುಟ್ಟಲೇ ಇಲ್ಲವೆಂದು ಹೇಳಲು ಬರುವುದಿಲ್ಲ. ಸಾಕಿಚಿಗಿಂತ ಎರಡು ವರ್ಷ ಚಿಕ್ಕವರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಅವರ ಉದ್ಯೋಗ ಆರಂಭವಾಯಿತು. ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ನಮ್ಮ ರೈತರು ಅದನ್ನು ಮುಟ್ಟಲೊಲ್ಲದೆ ಹೋದರು. ಕೊನೆಗೆ ಬೆಳಗಾವಿಯಲ್ಲಿ ಇದ್ದ ಜಾಗವೂ ಹೋಗಿ, 1910ರಲ್ಲಿ ಔಂಧ ಸಂಸ್ಥಾನದ ಅರಸರು ಕೊಟ್ಟ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ನಮ್ಮವರೇ ಆದ ಒಬ್ಬರು ಹೀಗೆ ನಮ್ಮ ಸೀಮೆಯನ್ನು ದಾಟಿ ಹೋದರು. ಅದೇ ಮನೆತನದ ನಾಲ್ಕನೆಯ ತಲೆಮಾರಿನ ವಿಕ್ರಮ ಕಿರ್ಲೋಸ್ಕರರು ಜಪಾನದ ಕಂಪನಿಯೊಡನೆ ಕೈಜೋಡಿಸಿದ್ದರಿಂದ 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಗಿ, ಬೆಂಗಳೂರು-ಮೈಸೂರು ದಾರಿಯ ಬಿಡದಿಯಲ್ಲಿ ಕಾರಖಾನೆ ಎದ್ದಿತು. ಆದರೆ ಅದಕ್ಕೂ ಮೊದಲೇ, 1995ರಲ್ಲಿ, ಬೆಂಗಳೂರಿನ ಹತ್ತಿರದ ಜಿಗಣಿಯಲ್ಲಿ ಇವೆರಡು ಮನೆತನಗಳು ಸೇರಿ ಆರಂಭಿಸಿದ್ದು ಜವಳಿ ಯಂತ್ರದ ಕಾರಖಾನೆಯನ್ನು. ಇಲ್ಲಿಯೂ ಮೊದಲು ನೂಲು, ಆಮೇಲೆ ಮೋಟಾರು!

ಇನ್ನು ರಕ್ತದ ಮಾತು. ರಕ್ತದಲ್ಲಿಯೇ ಶಿಸ್ತು ಇದ್ದಿದ್ದರೆ ಮೊದಲ ದಿನದಿಂದಲೇ ಟೊಯೊಟಾ ಗಾಡಿಗಳು ಚೆನ್ನಾಗಿರಬೇಕಿತ್ತಲ್ಲವೇ? ಹಾಗಾಗಲಿಲ್ಲ. 1935ರಲ್ಲಿ ಹೊರತಂದ ಮೊದಲ ಟ್ರಕ್ಕುಗಳು ನಡುದಾರಿಯಲ್ಲಿ ಕೆಟ್ಟು ನಿಲ್ಲುತ್ತಿದ್ದವು. ಕಂಪನಿಯ ಜನ ಹೋಗಿ ದುರಸ್ತಿ ಮಾಡಿ ಬರಬೇಕಾಗುತ್ತಿತ್ತು. 1937ರಲ್ಲಿ ಟೊಯೊಟಾ ಮೋಟಾರ್ ಪ್ರತ್ಯೇಕ ಕಂಪನಿಯಾಯಿತು. ಯುದ್ಧ ಮುಗಿದ ಮೇಲೆ 1950ರಲ್ಲಿ ದಿವಾಳಿಯ ಅಂಚಿಗೆ ಬಂದು, ಮುಷ್ಕರವಾಗಿ, ಸಾವಿರಕ್ಕೂ ಹೆಚ್ಚು ಜನ ಕೆಲಸ ಬಿಡಬೇಕಾಯಿತು. ಕಿಚಿರೊ ತಾನೂ ಅಧ್ಯಕ್ಷ ಸ್ಥಾನವನ್ನು ಬಿಟ್ಟನು. 1957ರಲ್ಲಿ ಕ್ರೌನ್ ಎಂಬ ಕಾರನ್ನು ಅಮೇರಿಕೆಗೆ ಒಯ್ದರೆ ಅಲ್ಲಿಯ ಹೆದ್ದಾರಿಯ ವೇಗಕ್ಕೆ ಅದು ಏದುಸಿರು ಬಿಟ್ಟಿತು. ಜಪಾನದ ಸರಕು ಎಂದರೆ ಅಗ್ಗದ ಸರಕು ಎಂದು ಪಶ್ಚಿಮದವರು ನಗುತ್ತಿದ್ದ ಕಾಲವದು. 1966ರಲ್ಲಿ ಬಂದ ಕೊರೊಲ್ಲಾ ಕಾರಿನಿಂದ ಮುಂದಿನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ.

ನಡುವಿನ ಆ ವರ್ಷಗಳಲ್ಲಿ ನಡೆದದ್ದೇನು? ಮಗ್ಗದ ಬುದ್ಧಿಯನ್ನು ಮನುಷ್ಯರಿಗೆ ಕಲಿಸಿದರು. ತೈಚಿ ಓನೊ ಎಂಬ ಎಂಜಿನಿಯರನು ಮೊದಲು ಕೆಲಸ ಮಾಡಿದ್ದೂ ಟೊಯೊಡಾ ಮನೆತನದ ನೂಲಿನ ಗಿರಣಿಯಲ್ಲಿಯೇ. ಕಾರು ಜೋಡಿಸುವ ಸಾಲಿನಲ್ಲಿ ನಿಂತ ಯಾವ ಕೆಲಸಗಾರನೇ ಆಗಲಿ, ಕುಂದು ಕಣ್ಣಿಗೆ ಬಿದ್ದ ಕೂಡಲೇ ಮೇಲಿನ ಹಗ್ಗವನ್ನೆಳೆದು ಕರೆಯಬಹುದು. ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಆಮೇಲೆ ಯಾರು ಮಾಡಿದರು ಎಂದು ಹುಡುಕುವುದಕ್ಕಿಂತ ಏಕೆ ಆಯಿತು ಎಂದು ಐದು ಸಲ ಕೇಳಬೇಕೆಂಬುದು ಅವರ ಪದ್ಧತಿ. ಬೇಕಾದ ಬಿಡಿಭಾಗವನ್ನು ಬೇಕಾದ ಹೊತ್ತಿಗೆ ಮಾತ್ರ ತರಿಸುವುದು ಮೊದಲಾದ ಉಳಿದ ಕ್ರಮಗಳನ್ನು ಅರ್ಥಶಾಸ್ತ್ರದ ಗುರುಗಳು ನನಗಿಂತ ಚೆನ್ನಾಗಿ ಹೇಳಬಲ್ಲರು. ನನ್ನ ಮನಸ್ಸಿಗೆ ಹತ್ತಿದ್ದು ಹಗ್ಗದ ಸಂಗತಿಯೊಂದೇ.

ಅದಕ್ಕೆ ಕಾರಣವಿದೆ. ನನ್ನ ತಾಯಿಯ ತವರು ರಬಕವಿ-ಬನಹಟ್ಟಿಯ ಕಡೆಯದು. ಸೂಟಿಯಲ್ಲಿ ಅಲ್ಲಿಗೆ ಹೋದಾಗ ಪವರ್‌ಲೂಮಿನ ಸದ್ದಿನಲ್ಲಿಯೇ ನಿದ್ದೆ ಮಾಡಿ ಬೆಳೆದವನು ನಾನು. ಅಲ್ಲಿ ಕೂಲಿ ನೇಯ್ದ ಸೀರೆಯ ಲೆಕ್ಕದ ಮೇಲೆ. ಹಾಸಿನ ಎಳೆ ಹರಿದದ್ದನ್ನು ಕಂಡು ಮಗ್ಗ ನಿಲ್ಲಿಸಿ ಗಂಟು ಹಾಕುತ್ತ ಕುಳಿತರೆ ಆ ಹೊತ್ತಿನ ದುಡಿಮೆ ಹೋಯಿತು. ಕಂಡೂ ಕಾಣದಂತೆ ಬಿಟ್ಟರೆ ಸೀರೆಯಲ್ಲಿ ಕುಂದು ಉಳಿದು ಸಾಹುಕಾರನು ಕೂಲಿ ಮುರಿಯುತ್ತಾನೆ. ಎರಡೂ ಕಡೆಯಿಂದ ನಷ್ಟ ನೇಯುವವನದೇ. ಇಂಥಲ್ಲಿ ನೇಕಾರನಿಗೆ ಶಿಸ್ತಿಲ್ಲವೆಂದು ಭಾಷಣ ಮಾಡುವುದರಲ್ಲಿ ಏನರ್ಥವಿದೆ? ಕುಂದನ್ನು ಕಂಡು ನಿಲ್ಲಿಸಿದವನ ಕೂಲಿ ಮುರಿಯುವುದಿಲ್ಲ ಎಂಬ ಭರವಸೆಯನ್ನು ಕೊಟ್ಟು ನೋಡಲಿ, ಆಗ ನಮ್ಮ ರಕ್ತದ ಬಣ್ಣವೂ ಬೇರೆಯಾಗಿ ಕಂಡೀತು.

ಟೊಯೊಟಾವನ್ನು ನಾನು ಹೊಗಳಲಿಕ್ಕೆ ಹೊರಟಿದ್ದೇನೆಂದು ವಾಚಕರು ತಿಳಿಯಬಾರದು. ಈ ಹಗ್ಗವನ್ನು ಅವರೂ ಮರೆತ ಸಂದರ್ಭಗಳಿವೆ, ಮರೆತಾಗಲೆಲ್ಲ ಹೆಸರು ಕೆಟ್ಟಿದೆ. 2008ರಲ್ಲಿ ಜಗತ್ತಿನ ಎಲ್ಲಕ್ಕಿಂತ ದೊಡ್ಡ ಮೋಟಾರು ಕಂಪನಿಯಾದ ಮರುವರ್ಷವೇ, ತಾನಾಗಿ ವೇಗ ಏರುವ ಗಾಡಿಗಳ ದೂರು ಎದ್ದು ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. 2010ರ ಫೆಬ್ರುವರಿಯಲ್ಲಿ ಸಾಕಿಚಿಯ ಮರಿಮಗ ಅಕಿಯೊ ಟೊಯೊಡಾ ಅಮೇರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತು, ನಾವು ಅತಿ ವೇಗದಿಂದ ಬೆಳೆದೆವೇನೋ ಎಂದು ಒಪ್ಪಿಕೊಂಡರು. ಸುರಕ್ಷತೆಯ ವಿಷಯದಲ್ಲಿ ಗ್ರಾಹಕರಿಗೆ ನಿಜ ಹೇಳಲಿಲ್ಲವೆಂದು 2014ರಲ್ಲಿ ಕಂಪನಿ 120 ಕೋಟಿ ಡಾಲರು ದಂಡ ತೆತ್ತಿತು. 2023ರ ಡಿಸೆಂಬರಿನಲ್ಲಿ ಇದೇ ಸಮೂಹದ ಡೈಹಾಟ್ಸು ಕಂಪನಿಯು 64 ಮಾದರಿಗಳಿಗೆ ಸಂಬಂಧಿಸಿದ ಸುರಕ್ಷತಾ ಪರೀಕ್ಷೆಗಳಲ್ಲಿ ಅಕ್ರಮ ಮಾಡಿದ್ದು ಬಯಲಾಯಿತು. ಬಿಗಿಯಾದ ಗಡುವಿನ ಒತ್ತಡವೇ ಮೂಲವೆಂದು ತನಿಖೆಯವರು ಹೇಳಿದರು.

ಎಲ್ಲಕ್ಕಿಂತ ಆಶ್ಚರ್ಯದ್ದು ಮುಂದಿನ ತಿಂಗಳು ನಡೆಯಿತು. 2024ರ ಜನೇವರಿಯಲ್ಲಿ ಮೂರು ಡೀಸೆಲ್ ಎಂಜಿನುಗಳ ಶಕ್ತಿಪರೀಕ್ಷೆಯ ಅಂಕಿಗಳನ್ನು ಚೆಂದ ಕಾಣುವಂತೆ ಮಾಡಿದ್ದು ಹೊರಬಿದ್ದಿತು. ಮಾಡಿದವರು ಯಾರು? ಟೊಯೊಟಾ ಇಂಡಸ್ಟ್ರೀಸ್. ಎಂದರೆ ಸಾಕಿಚಿಯ ಮಗ್ಗಗಳನ್ನು ತಯಾರಿಸಲೆಂದು 1926ರಲ್ಲಿ ಹುಟ್ಟಿದ ಅದೇ ಕಂಪನಿ! ನಮ್ಮ ದೇಶದಲ್ಲಿಯೂ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ಗಾಡಿಗಳ ರವಾನೆಯನ್ನು ಕೆಲವು ದಿನ ತಡೆಹಿಡಿಯಬೇಕಾಯಿತು. ಎಳೆ ಹರಿದರೆ ನಿಲ್ಲುವ ಮಗ್ಗವನ್ನು ಕಟ್ಟಿದ ಮನೆಯಲ್ಲಿಯೇ ಎಳೆ ಹರಿದದ್ದನ್ನು ಮುಚ್ಚಿಟ್ಟರು. ಇದನ್ನು ಓದಿದ ದಿನ ರಕ್ತದ ಸಿದ್ಧಾಂತ ಹೇಳುವ ಮಿತ್ರರನ್ನು ನಾನು ವಿಶೇಷವಾಗಿ ನೆನೆದೆನು.

ಬಿಡದಿಯೂ ಇದಕ್ಕೆ ಹೊರತಲ್ಲ. 2014ರಲ್ಲಿ ಸಂಬಳದ ವಿಷಯಕ್ಕೆ ಬೀಗಮುದ್ರೆಯಾಯಿತು. 2020ರ ನವೆಂಬರಿನಲ್ಲಿ ಮತ್ತೆ ಮುಷ್ಕರ, ಮತ್ತೆ ಬೀಗಮುದ್ರೆ. ಕೆಲಸದ ಒತ್ತಡ ತಾಳಲಾರದಷ್ಟಾಗಿದೆ ಎಂಬುದು ಕಾರ್ಮಿಕರ ದೂರು, ಅದನ್ನು ಕಂಪನಿ ಒಪ್ಪಲಿಲ್ಲ. ಎರಡು ಪಕ್ಷಗಳ ನ್ಯಾಯವನ್ನು ಇಲ್ಲಿ ಕುಳಿತು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಆದರೆ ಹಗ್ಗವನ್ನು ಎಳೆಯುವ ಕೈಗಳಿಗೆ ಉಸಿರಾಡಲು ಬಿಡುವಿರಬೇಕೆಂಬುದು ಮಗ್ಗ ಕಂಡವರಿಗೆ ಹೇಳಿಸಿಕೊಳ್ಳದೆ ತಿಳಿಯುತ್ತದೆ.

ಅಂದಹಾಗೆ, ಹೆಸರಿನ ಮಹಿಮೆಗೆ ಇನ್ನೊಂದು ಉದಾಹರಣೆ. 2019ರಲ್ಲಿ ಟೊಯೊಟಾ ನಮ್ಮಲ್ಲಿ ಮಾರತೊಡಗಿದ ಗ್ಲಾಂಜಾ ಎಂಬುದು ಸುಜುಕಿಯವರ ಬಲೆನೊ ಕಾರೇ. ಬದಲಾದದ್ದು ಮುಖ್ಯವಾಗಿ ಮುಂದಿನ ಬಿಲ್ಲೆ. ಮಾರುತಿಯವರ ಗ್ರ್ಯಾಂಡ್ ವಿಟಾರಾ ತಯಾರಾಗತೊಡಗಿದ್ದು ಟೊಯೊಟಾದ ಬಿಡದಿಯಲ್ಲಿ. ಬಿಲ್ಲೆ ನೋಡಿ ಭಕ್ತಿ ಪಡುವ ನನ್ನ ಸೋದರಮಾವನಿಗೆ ಇದನ್ನು ಹೇಳಿದರೆ ಎರಡು ದಿನ ಮಾತು ಬಿಟ್ಟನು.

ಈಗ ನಮ್ಮ ಮಾತಿಗೆ ಬರೋಣ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲಿಗನು. ಮೊದಲ ವರ್ಷ ಪಾಠದ ನಡುವೆ ಎಷ್ಟೋ ಸಲ ನನ್ನ ಎಳೆ ಹರಿಯುತ್ತಿತ್ತು. ಸುತ್ತ ನೋಡಿದರೆ ಎಲ್ಲರೂ ತಲೆ ಹಾಕಿ ಬರೆದುಕೊಳ್ಳುತ್ತಿದ್ದರು. ಅವರಲ್ಲಿ ಅರ್ಧ ಜನಕ್ಕೆ ನನ್ನಷ್ಟೇ ತಿಳಿದಿತ್ತೆಂಬುದು ವಸತಿಗೃಹದಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಗೊತ್ತಾಗುತ್ತಿತ್ತು. ತಿಳಿಯಲಿಲ್ಲವೆಂದು ಒಬ್ಬನು ಕೈಯೆತ್ತಿದರೆ ಹಿಂದಿನ ಬೆಂಚಿನಿಂದ ನಗು ಕೇಳಿಬರುತ್ತದೆ. ನಗುವವರು ನಾವೇ, ಗುರುಗಳಲ್ಲ. ಆದರೆ ಗುರುಗಳಲ್ಲಿಯೂ ಒಂದು ವಿನಂತಿ: ಪಠ್ಯಕ್ರಮ ಮುಗಿಸುವ ಗಡುವು ತಮ್ಮ ಮೇಲಿದೆ ಎಂಬುದನ್ನು ಬಲ್ಲೆವು, ಆದರೂ ವಾರಕ್ಕೆ ಒಂದು ತಾಸು ಹೊಸ ಪಾಠವನ್ನು ನಿಲ್ಲಿಸಿ, ಹರಿದ ಎಳೆಗಳನ್ನು ಕೂಡಿಸುವುದಕ್ಕೆಂದೇ ಇಡಬೇಕು. ನಾನು ಈ ವರ್ಷ ಹೊರಬೀಳುವವನು. ಈ ಬೇಡಿಕೆ ನಮ್ಮ ಹಿಂದೆ ಬರುವವರ ಸಲುವಾಗಿ.

ಮನೆಯಲ್ಲಿಯೂ ಇದೇ ಕಂಪನಿಯ ಹೆಸರಿನ ಮೇಲೆ ಒಂದು ತಕರಾರು ನಡೆದಿದೆ. ಬಿಡದಿಯಲ್ಲಿ 2007ರಿಂದ ಟೊಯೊಟಾದ ತಾಂತ್ರಿಕ ತರಬೇತಿ ಸಂಸ್ಥೆಯಿದೆ. ಹತ್ತನೆಯ ತರಗತಿ ಮುಗಿಸಿದ, ನಮ್ಮಂಥ ಬಡ ಮನೆಗಳ ಮಕ್ಕಳನ್ನು ರಾಜ್ಯದ ಹಳ್ಳಿಗಳಿಂದ ಆರಿಸಿ, ಮೂರು ವರ್ಷ ಅಲ್ಲಿಯೇ ಇರಿಸಿಕೊಂಡು ಕಲಿಸುತ್ತಾರೆ. ನನ್ನ ತಮ್ಮನಿಗೆ ಅಲ್ಲಿಗೆ ಹೋಗುವ ಹಂಬಲ. “ನಿಮ್ಮಣ್ಣ ಬಿ.ಎ. ಆಗ್ತಾನ, ನೀ ಪಾನಾ ಹಿಡೀತಿಯೇನು?” ಎಂದು ಅಪ್ಪನು ಸಿಟ್ಟಾಗುತ್ತಾನೆ. ಅವ್ವನದು ಬೇರೆಯೇ ಚಿಂತೆ. ಮಗ್ಗದ ಮನೆಯಲ್ಲಿ ಹುಟ್ಟಿದವಳು, “ಅಲ್ಲೆ ನಿಲ್ಲಿಸಿದವನ ಪಗಾರಾ ಮುರೀತಾರೇನು, ಅದನ್ನಷ್ಟ ಕೇಳ್ರಿ” ಎಂದಳು. ನಾನಂತೂ ಅವನ ಪಕ್ಷ. ಪದವಿಯ ಕಾಗದ ಹಿಡಿದು ಸ್ಪರ್ಧಾ ಪರೀಕ್ಷೆಗಳ ಅರ್ಜಿ ತುಂಬುತ್ತ ಕುಳಿತ ನಮ್ಮೂರ ಅಣ್ಣಂದಿರನ್ನು ದಿನಾಲು ಕಾಣುತ್ತೇನೆ. ಪಾನಾ ಹಿಡಿದ ಕೈ ಅದಕ್ಕಿಂತ ಕೀಳೆಂದು ನನಗೆ ಅನಿಸುವುದಿಲ್ಲ. ಪ್ರವೇಶ ಪರೀಕ್ಷೆಗೆ ಗಣಿತ ಗಟ್ಟಿಯಿರಬೇಕು, ನಾನೋ ಕಲಾ ವಿಭಾಗದವನು. ನಮ್ಮ ಹಳೆಯ ಶಾಲೆಯ ಗುರುಗಳೊಬ್ಬರು ಭಾನುವಾರ ಮುಂಜಾನೆ ಎರಡು ತಾಸು ಹೇಳಿಕೊಡಲು ಒಪ್ಪಿದ್ದಾರೆ. ತಮ್ಮನ ಜೊತೆಗೆ ಕುಳಿತುಕೊಳ್ಳುವ ಹುಡುಗ ಹುಡುಗಿಯರು ನಿಮ್ಮ ಮನೆಗಳಲ್ಲಿದ್ದರೆ ತಿಳಿಸಬೇಕು; ಪಡಸಾಲೆಯಲ್ಲಿ ಇನ್ನೂ ಐದಾರು ಜನಕ್ಕೆ ಸ್ಥಳವಿದೆ.