ಕೌನ್ಸಿಲರಮ್ಮನ ಯಜಮಾನರು

‘ಕೌನ್ಸಿಲರುಗಳಿಲ್ಲದಿದ್ದರೆ ಊರೇನು ಮುಳುಗಿ ಹೋಗುತ್ತದೆಯೇ? ಅಧಿಕಾರಿಗಳಿದ್ದಾರೆ, ನೋಡಿಕೊಳ್ಳುತ್ತಾರೆ. ಹೆಂಗಸರು ಗೆದ್ದರೂ ಕಾರುಬಾರು ಮಾಡುವವರು ಗಂಡಂದಿರೇ ತಾನೆ!’ ಶಿವಮೊಗ್ಗದ ಮದುವೆ ಮನೆಗಳಲ್ಲಿ, ನಮ್ಮ ಸ್ಟಾಫ್ ರೂಮಿನಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಹೇಳುವವರಲ್ಲಿ ಓದಿದ ಹೆಂಗಸರೂ ಇದ್ದಾರೆ. ನನಗೆ ಸಿಟ್ಟು ಬರುವುದೇ ಅದಕ್ಕೆ.

ಶಿವಮೊಗ್ಗದ ನಗರಸಭೆ 2013ರಲ್ಲಿ ಮಹಾನಗರ ಪಾಲಿಕೆಯಾಯಿತು. ಹೆಸರು ದೊಡ್ಡದಾಯಿತು, ಕಂದಾಯವೂ ದೊಡ್ಡದಾಯಿತು ಅನ್ನಿ. 2018ರಲ್ಲಿ 35 ವಾರ್ಡುಗಳಿಗೆ ಚುನಾವಣೆ ನಡೆಯಿತು. ಗೆದ್ದವರ ಅವಧಿ 2023ರ ಕೊನೆಗೆ ಮುಗಿಯಿತು. ಅಷ್ಟರೊಳಗೆ ಮುಂದಿನ ಚುನಾವಣೆ ಆಗಬೇಕಿತ್ತು, ಆಗಲಿಲ್ಲ. 2024 ಪೂರ್ತಿ ಕಳೆದರೂ ಆಗಲಿಲ್ಲ. ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು.

ಇದು ಯಾರದೋ ಮರ್ಜಿಗೆ ಬಿಟ್ಟ ವಿಷಯವಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಹೇಳುವುದು ಸ್ಪಷ್ಟವಾಗಿದೆ: ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ. ಸುಪ್ರೀಂ ಕೋರ್ಟು 2006ರಲ್ಲಿ ಮತ್ತೆ ಅದನ್ನೇ ಹೇಳಿತು. ಹೆಂಗಸರಿಗೆ ಮೂರನೆಯ ಒಂದು ಭಾಗದ ಸ್ಥಾನ ಬಂದದ್ದೂ ಅದೇ ತಿದ್ದುಪಡಿಯಿಂದ. ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. ಚುನಾವಣೆಯೇ ಇಲ್ಲವೆಂದ ಮೇಲೆ ಅರ್ಧ ಎಂದರೆ ಯಾವುದರ ಅರ್ಧ?

ವಾರ್ಡು ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟಿನ ಕೇಸು ಎಂದು ಕಾರಣಗಳನ್ನು ಕೊಡುತ್ತಾರೆ. ಸುಮಾರು 20 ಕಿಲೋಮೀಟರು ದೂರದ ಭದ್ರಾವತಿಯನ್ನು ನೋಡಿ. ಅಲ್ಲಿನ ನಗರಸಭೆಗೆ ಮತದಾನ ನಡೆದದ್ದು 2021ರ ಏಪ್ರಿಲ್ 27ರಂದು. ಕೊರೋನದ ಎರಡನೆಯ ಅಲೆ ಏರುತ್ತಿದ್ದ ಹೊತ್ತು. ಅವತ್ತೇ ರಾತ್ರಿ 9 ಗಂಟೆಯಿಂದ ಇಡೀ ರಾಜ್ಯಕ್ಕೆ ಹದಿನಾಲ್ಕು ದಿನದ ಕರ್ಫ್ಯೂ! ಮೂಗು ಬಾಯಿ ಮುಚ್ಚಿಕೊಂಡು ಜನ ಓಟು ಹಾಕಿದರು, ಮುಚ್ಚಿಕೊಂಡೇ ಮತಗಟ್ಟೆಯವರು ಬೆರಳಿಗೆ ಶಾಯಿ ಹಚ್ಚಿದರು. ಅಂಥ ದಿನ ಸಾಧ್ಯವಾದದ್ದು ರೋಗವಿಲ್ಲದ 2024ರಲ್ಲಿ ಯಾಕೆ ಸಾಧ್ಯವಾಗಲಿಲ್ಲ? ಬೆಂಗಳೂರಿನವರ ಪಾಡಂತೂ ಕೇಳಬೇಡಿ. ಅಲ್ಲಿ 2020ರ ಸೆಪ್ಟೆಂಬರಿನಲ್ಲೇ ಅವಧಿ ಮುಗಿದು, ವರ್ಷಗಟ್ಟಲೆ ಚುನಾವಣೆಯ ಸುದ್ದಿಯಿರಲಿಲ್ಲ.

ಇನ್ನು ಆ ಯಜಮಾನರ ಮಾತು. ಅವರು ಇರುವುದು ಸುಳ್ಳಲ್ಲ. ಫ್ಲೆಕ್ಸಿನಲ್ಲಿ ಹೆಂಡತಿಯ ಪಕ್ಕ ಅವಳಿಗಿಂತ ದೊಡ್ಡದಾಗಿ ನಗುವವರು, ಫೋನು ಎತ್ತಿ ‘ನಾನೇ ಮಾತಾಡ್ತಿರೋದು, ಹೇಳಿ’ ಎನ್ನುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಆದರೆ ಮಗುವಿನ ಹೋಂವರ್ಕನ್ನು ಅಪ್ಪ ಬರೆದುಕೊಟ್ಟರೆ ನಾವು ಶಾಲೆಗೆ ಬೀಗ ಹಾಕುತ್ತೇವೆಯೇ? ಮಗುವನ್ನು ಎದ್ದು ಬಾ ಎಂದು ಕರೆದು ಬೋರ್ಡಿನ ಮೇಲೆ ಬರೆಸುತ್ತೇವೆ. ಮೊದಲ ವರ್ಷ ಸಭೆಯಲ್ಲಿ ಬಾಯಿ ಬಿಡದವಳು ಮೂರನೆಯ ವರ್ಷಕ್ಕೆ ಫೈಲು ತರಿಸಿ ನೋಡುವಷ್ಟಾಗಬಹುದು. ಆ ಹೊತ್ತಿಗೆ ಮೀಸಲಾತಿ ತಿರುಗಿ ವಾರ್ಡು ಕೈತಪ್ಪುತ್ತದೆ, ಅದು ಬೇರೆ ಗೋಳು.

ಅಧಿಕಾರಿ ಒಳ್ಳೆಯವರೇ ಇರಬಹುದು. ಆದರೆ ಅವರು ವರ್ಗವಾಗಿ ಹೋಗುವವರು. ನಲ್ಲಿ ನೀರು ನಡುರಾತ್ರಿ ಬಂದರೆ ಎದ್ದು ಕೊಡ ಹಿಡಿಯುವವರು ನಾವು. ಟ್ಯೂಷನ್ ಮುಗಿಸಿ ಬರುವ ಮಗಳಿಗಾಗಿ, ಬೀದಿ ದೀಪವಿಲ್ಲದ ತಿರುವಿನಲ್ಲಿ ನಿಂತು ಕಾಯುವವರೂ ನಾವೇ. ಕೆಲಸ ಮಾಡದ ಕೌನ್ಸಿಲರನ್ನು ಮುಂದಿನ ಸಲ ಮನೆಗೆ ಕಳಿಸಬಹುದು. ಆಡಳಿತಾಧಿಕಾರಿಯನ್ನು ಯಾವ ಓಟಿನಿಂದ ಕಳಿಸುತ್ತೀರಿ?

ಆದ್ದರಿಂದ ಚುನಾವಣೆ ಎಲ್ಲಿ ಎಂದು ಕೇಳಿ. ಮಹಿಳಾ ಸಮಾಜದಲ್ಲಿ ಕೇಳಿ, ಓಟು ಕೇಳಲು ಬರುವ ಎಲ್ಲ ಪಕ್ಷದವರನ್ನೂ ಬಾಗಿಲಲ್ಲೇ ನಿಲ್ಲಿಸಿ ಕೇಳಿ. ಚುನಾವಣೆಯಾಗಿ ನಿಮ್ಮ ವಾರ್ಡಿನಲ್ಲಿ ಹೆಂಗಸು ಗೆದ್ದಳೋ, ಅವಳ ನಂಬರನ್ನೇ ಬರೆದಿಟ್ಟುಕೊಳ್ಳಿ. ಯಜಮಾನರು ಎತ್ತಿಕೊಂಡರೆ ‘ಅಣ್ಣಾ, ಸ್ವಲ್ಪ ಅಕ್ಕನಿಗೆ ಕೊಡಿ’ ಎನ್ನಿ. ಅಡಿಗೆ ಮನೆಯಲ್ಲಿದ್ದಾಳೆ ಎಂದರೆ, ‘ಪರವಾಗಿಲ್ಲ, ಕಾಯುತ್ತೇನೆ’ ಎನ್ನಿ.