ಧರ್ಮಕ್ಕೆ ಬಂದ ದಟ್ಟಿ

ವಾಚಕರ ಪೈಕಿ ಹಲವರಿಗೆ ಸೋದರಳಿಯಂದಿರು ಇರಬಹುದು. ಅವರಲ್ಲಿ ಒಬ್ಬಿಬ್ಬರಾದರೂ ಮೊಬೈಲು ಫೋನಿಗೆ ಆ್ಯಪು ಬರೆಯುವವರಾಗಿರಬಹುದು. ಅಂಥವರಿಗೆ ಉಪಯೋಗವಾದೀತೆಂದು ಈ ವಾರ ನಮ್ಮ ಮನೆಯ ಸಮಾಚಾರವನ್ನೇ ಹೇಳುತ್ತೇನೆ.

ನನ್ನ ತಂಗಿಯನ್ನು ಕೊಟ್ಟಿರುವುದು ಕೋಲಾರದ ಕಡೆಯ ಹುತ್ತೂರಿಗೆ. ಅವರದು ಟೊಮೆಟೊ ಬೆಳೆ. ತೋಟದಲ್ಲಿ ನಿಂತು 15 ಕಿಲೋ ಬಾಕ್ಸುಗಳನ್ನು ತುಂಬಿಸುವವರು ತಂದೆ. ಕೋಲಾರದ ಮಾರುಕಟ್ಟೆಯಲ್ಲಿ ಹರಾಜಿಗೆ ನಿಲ್ಲುವವನು ಹಿರಿಯ ಮಗ. ಇಬ್ಬರ ಲೆಕ್ಕವೂ ಬೇರೆ ಬೇರೆಯಾಗಿ ರಾತ್ರಿಯ ಊಟದ ಹೊತ್ತಿಗೆ ಮಾತು ಬೆಳೆಯುತ್ತಿತ್ತು. ಇದನ್ನು ಕಂಡು ಬೇಸತ್ತ ಕಿರಿಯವನು ಒಂದು ಆ್ಯಪು ರಚಿಸಿದ. ತೋಟದಲ್ಲಿ ಸಂಪರ್ಕವಿಲ್ಲದಿದ್ದರೂ ಲೆಕ್ಕ ಬರೆದಿಡಬಹುದು. ಸಂಪರ್ಕ ದೊರೆತೊಡನೆ ಎರಡು ಫೋನುಗಳ ಕಡತಗಳೂ ತಾವಾಗಿಯೇ ತಾಳೆಯಾಗುತ್ತವೆ. ಈ ತಾಳೆ ಹಾಕುವ ಭಾಗ ಮಾತ್ರ ಅವನ ಸ್ವಂತದ್ದಲ್ಲ. ಆಂಡ್ರ್ಯೂ ಟ್ರಿಡ್ಜೆಲ್, ಪಾಲ್ ಮೆಕೆರಸ್ ಎಂಬಿಬ್ಬರು 1996ರಲ್ಲಿ ಹೊರತಂದ 'ಆರ್‌ಸಿಂಕ್' ಎಂಬ ಮುಕ್ತ ತಂತ್ರಾಂಶವನ್ನು ತಂದು ತನ್ನದರೊಳಗೆ ಬೆಸೆದಿದ್ದ.

ನೆರೆಯ ರೈತರೂ ಆ ಆ್ಯಪನ್ನು ಕೇಳಿ ಪಡೆದರು. ಕೆಲವು ತಿಂಗಳ ತರುವಾಯ ಬೆಂಗಳೂರಿನ ಸಂಸ್ಥೆಯೊಂದು ಅದನ್ನು ಕೊಳ್ಳಲು ಮುಂದೆ ಬಂದಿತು. ಹಣವೇನು ಕಡಿಮೆಯಲ್ಲ; ತಂಗಿಯ ಮನೆಯ ಕೊಳವೆಬಾವಿಯ ಸಾಲ ಪೂರ್ತಿ ತೀರುವಷ್ಟು. ಕರಾರುಪತ್ರದಲ್ಲಿ ಎರಡು ಮಾತುಗಳಿದ್ದವು: ಆ್ಯಪಿನ ಪ್ರತಿ ಅಕ್ಷರವೂ ತನ್ನದೇ ಎಂದು ಹುಡುಗ ಸಹಿ ಹಾಕತಕ್ಕದ್ದು, ಅದರ ಮೂಲ ಬರಹ, ಎಂದರೆ ಸೋರ್ಸ್ ಕೋಡು, ಇನ್ನು ಮುಂದೆ ಗುಟ್ಟಾಗಿರತಕ್ಕದ್ದು. ಪತ್ರವನ್ನು ನನಗೆ ತೋರಿಸಲು ತಂದ.

"ಆ ಆರ್‌ಸಿಂಕಿನ ಪರವಾನಗಿ ಓದಿದೆಯೇನಪ್ಪ?" ಎಂದೆ.

"ಅದು ಪುಕ್ಕಟೆ ಸಿಕ್ಕಿದ್ದು, ಮಾವ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ, ಹಾಗಾಯಿತು ನೀವು ಹೇಳೋದು!"

ಗಾದೆ ಸೊಗಸಾಗಿದೆ. ಆದರೆ ಈ ದಟ್ಟಿಗೆ ಮೊಳ ಹಾಕಲೇಬೇಕು. ನಮ್ಮ 1957ರ ಕೃತಿಸ್ವಾಮ್ಯದ ಕಾಯಿದೆಯು, ತಿದ್ದುಪಡಿಗಳ ತರುವಾಯ, ಕಂಪ್ಯೂಟರಿನ ಪ್ರೋಗ್ರಾಮನ್ನೂ ಸಾಹಿತ್ಯಕೃತಿಯೆಂದೇ ಎಣಿಸುತ್ತದೆ. ಪಕ್ಕದ ಮನೆಯಿಂದ ಈ ಪತ್ರಿಕೆಯನ್ನು ಎರವಲು ತಂದು ಧಾರಾವಾಹಿ ಓದುವವರನ್ನು ಯಾರೂ ತಡೆಯುವುದಿಲ್ಲ (ಸಂಪಾದಕರಿಗೆ ಕೊಂಚ ಸಂಕಟವಾದೀತು, ಅಷ್ಟೆ). ಅದನ್ನೇ ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದರೆ ಸಂಗತಿ ಬೇರೆ.

ಆರ್‌ಸಿಂಕ್ 2008ರಲ್ಲಿ ಬಂದ ತನ್ನ ಮೂರನೆಯ ಆವೃತ್ತಿಯಿಂದ ಜಿಪಿಎಲ್ ಎಂಬ ಪರವಾನಗಿಯ ಮೂರನೆಯ ರೂಪಕ್ಕೆ ಒಳಪಟ್ಟಿದೆ. ಹಣಕ್ಕೆ ಮಾರುವುದನ್ನು ಅದು ನಿಷೇಧಿಸುವುದಿಲ್ಲ. ಮನೆಯೊಳಗೇ ಬಳಸಿಕೊಂಡರೆ ಏನನ್ನೂ ಕೇಳುವುದಿಲ್ಲ. ಆದರೆ ಅದನ್ನು ಬೆಸೆದ ಆ್ಯಪನ್ನು ಹೊರಗಿನವರಿಗೆ ಕೊಟ್ಟರೆ, ಪಡೆದವರಿಗೆ ಇಡೀ ಆ್ಯಪಿನ ಮೂಲ ಬರಹವೂ ಅದನ್ನು ತಿದ್ದಿ ಹಂಚುವ ಹಕ್ಕೂ ಸಲ್ಲಬೇಕು. ಆದ್ದರಿಂದ ಗುಟ್ಟಿನ ಮಾತಿಗೆ ಎಡೆಯೇ ಇಲ್ಲ. ನೆರೆಯ ರೈತನಿಗೆ ಕೊಟ್ಟ ದಿನವೇ ಈ ಋಣ ಹುಟ್ಟಿತ್ತು.

"ಇಷ್ಟಕ್ಕೆಲ್ಲ ಯಾರು ಕೇಳೋಕೆ ಬರ್ತಾರೆ ಮಾವ?"

ಬರುತ್ತಾರೆ. ಚಲನಚಿತ್ರ ನೋಡಲು ಹಲವರು ಬಳಸುವ ವಿಎಲ್‌ಸಿ 2011ರ ಜನವರಿಯಲ್ಲಿ ಆಪಲ್ ಕಂಪನಿಯ ಆ್ಯಪು ಮಳಿಗೆಯಿಂದ ಕಣ್ಮರೆಯಾಯಿತು. ದೂರಿತ್ತವರು ಅದನ್ನು ಬರೆದವರಲ್ಲೇ ಒಬ್ಬರು. ಮಳಿಗೆಯ ನಿಬಂಧನೆಗಳೂ ಜಿಪಿಎಲ್‌ನ ನಿಬಂಧನೆಗಳೂ ಒಂದೇ ಮನೆಯಲ್ಲಿ ಬಾಳಲಾರವೆಂಬುದು ಅವರ ವಾದ. ಬರೆದವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ, ಒಪ್ಪಿಗೆ ಬೇಡಿ, ಪರವಾನಗಿ ಬದಲಿಸಿದ ಮೇಲೆ ಆ್ಯಪು ಮರಳಿದ್ದು 2013ರ ಜುಲೈನಲ್ಲಿ. ಆರ್‌ಸಿಂಕಿಗೆ ಬೆವರು ಸುರಿಸಿದವರನ್ನೆಲ್ಲ ಹುತ್ತೂರಿನಿಂದ ಹುಡುಕಿಕೊಂಡು ಹೋಗುವುದು ಯಾರಿಂದಾದೀತು?

ಉಳಿದದ್ದು ತಾಳೆ ಹಾಕುವ ಭಾಗವನ್ನೇ ಬದಲಿಸುವುದು. ನೆಕ್ಸ್ಟ್‌ಕ್ಲೌಡಿನವರು ಆಂಡ್ರಾಯ್ಡಿಗೆಂದು ಕೊಡುವ ಭಾಗದ ಎಂಐಟಿ ಪರವಾನಗಿ ಬಲು ಉದಾರಿ. ಬರೆದವರ ಹೆಸರನ್ನೂ ಪರವಾನಗಿಯ ಒಕ್ಕಣೆಯನ್ನೂ ಅಳಿಸದಿದ್ದರೆ ಸಾಕು. ಆದರೆ ಅದಕ್ಕೆ ಸರ್ವರೊಂದನ್ನು ಸಾಕಬೇಕು. 'ಸಿಂಕ್‌ಥಿಂಗ್' ಆದರೋ ಫೋನಿನಿಂದ ಫೋನಿಗೆ ನೇರವಾಗಿ ಕಡತ ಮುಟ್ಟಿಸುತ್ತದೆ. ಅದರದು ಮೊಜಿಲ್ಲಾ ಪರವಾನಗಿ: ಸಿಂಕ್‌ಥಿಂಗಿನ ಕಡತಗಳು, ನಾವು ಅವುಗಳಲ್ಲಿ ಮಾಡಿದ ತಿದ್ದುಪಡಿ ಸಹಿತ, ಬಯಲಾಗಿರಬೇಕು; ನಾವು ಪ್ರತ್ಯೇಕವಾಗಿ ಬರೆದದ್ದು ನಮ್ಮದೇ. ಹಾಗಿದ್ದರೂ 'ಪ್ರತಿ ಅಕ್ಷರವೂ ನನ್ನದು' ಎಂಬ ಮಾತಿಗೆ ಸಹಿ ಹಾಕುವಂತಿಲ್ಲ.

ಹುಡುಗ ಇದ್ದದ್ದನ್ನು ಇದ್ದಂತೆ ಸಂಸ್ಥೆಗೆ ಬರೆದು, ಒಂದು ತಿಂಗಳ ಅವಕಾಶ ಬೇಡಿದ. ಹಳೆಯ ಆ್ಯಪು ಪಡೆದಿದ್ದ ರೈತರಿಗೆ ಮೂಲ ಬರಹವನ್ನೂ ಕಳುಹಿಸಿದ. ಅವರಲ್ಲೊಬ್ಬರು ಇದೇನು ಬಿಲ್ಲೋ ಎಂದು ಗಾಬರಿಗೊಂಡರಂತೆ. ತಂಗಿಗೆ ಮಾತ್ರ ನನ್ನ ಮೇಲೆ ಮುನಿಸು. "ಸುಮ್ಮನೆ ಸಹಿ ಹಾಕಿದ್ದರೆ ಈ ತಿಂಗಳೇ ಸಾಲ ತೀರುತ್ತಿತ್ತಲ್ಲ ಅಣ್ಣ" ಎಂದಳು. ಸಂಸ್ಥೆಯ ಉತ್ತರ ಇನ್ನೂ ಬಂದಿಲ್ಲ. ಅಳಿಯ ಸಿಂಕ್‌ಥಿಂಗಿನ ಪರವಾನಗಿಯನ್ನು ಅಚ್ಚು ಹಾಕಿಸಿಕೊಂಡು, ಹಿತ್ತಲಿನ ಕಟ್ಟೆಯ ಮೇಲೆ ಕುಳಿತು ಗೆರೆ ಎಳೆಯುತ್ತ ಓದುತ್ತಿದ್ದಾನೆ.