ಫ್ಲೆಕ್ಸ್ ಕಿತ್ತರೆ ಸಾಲದು, ಬಟ್ಟೆಗೆ ಕಣ್ಣು ಹಾಕಬೇಕು

ಸುಗ್ಗಿಯ ಕಾಲದಲ್ಲಿ ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂತಹ ಊರುಗಳ ಕಣಗಳನ್ನು ಗಮನಿಸುವವರಿಗೆ ಒಂದು ವಿಚಿತ್ರ ದೃಶ್ಯ ಕಾಣಸಿಗುತ್ತದೆ. ಗೋವಿನಜೋಳದ ರಾಶಿಯ ಅಡಿಯಲ್ಲಿ ಯಾವುದೋ ಚುನಾವಣೆಯ ಅಭ್ಯರ್ಥಿಯ ಕೈಮುಗಿದ ಚಿತ್ರವಿರುತ್ತದೆ. ಮೇವಿನ ಬಣವೆಯ ಮೇಲೆ ಹುಟ್ಟುಹಬ್ಬದ ಶುಭಾಶಯವಿರುತ್ತದೆ. ದನದ ಕೊಟ್ಟಿಗೆಯ ಸೋರುವ ಮೂಲೆಗೆ ಜಾತ್ರೆಯ ಸ್ವಾಗತ ಫಲಕ ಅಡ್ಡವಾಗಿರುತ್ತದೆ. ಒಮ್ಮೊಮ್ಮೆ ಇವುಗಳ ನಡುವೆ ‘ಕಾಡು ಉಳಿಸಿ, ನಾಡು ಉಳಿಸಿ’ ಎಂಬ ಘೋಷಣೆಯೂ ಇರುವುದುಂಟು. ಪರಿಸರ ಸಂಘಟನೆಗಳು ಮುಜುಗರಪಡಬೇಕಾದದ್ದು ಈ ಕೊನೆಯದನ್ನು ಕಂಡು.

ಫ್ಲೆಕ್ಸ್ ಎಂದು ಕರೆಯುವ ಈ ವಸ್ತು ಬಟ್ಟೆಯೂ ಅಲ್ಲ, ಬರಿಯ ಪ್ಲಾಸ್ಟಿಕ್ ಹಾಳೆಯೂ ಅಲ್ಲ. ಪಾಲಿಯೆಸ್ಟರ್ ನೂಲಿನ ಜಾಲರಿಯ ಎರಡೂ ಬದಿಗೆ ಪಾಲಿವಿನೈಲ್ ಕ್ಲೋರೈಡ್, ಅಂದರೆ ಪಿವಿಸಿಯ ಪದರವನ್ನು ಅಂಟಿಸಿ ಇದನ್ನು ತಯಾರಿಸುತ್ತಾರೆ. ಎರಡು ಭಿನ್ನ ವಸ್ತುಗಳು ಹೀಗೆ ಬೆಸೆದುಕೊಂಡಿರುವುದರಿಂದ ಅವುಗಳನ್ನು ಬೇರ್ಪಡಿಸಿ ಮರುಬಳಕೆ ಮಾಡುವುದು ದುಸ್ಸಾಧ್ಯ. ಗುಜರಿಯವರೂ ಇದನ್ನು ಕೊಳ್ಳಲು ಹಿಂಜರಿಯುತ್ತಾರೆ. ಕೊನೆಗೆ ಉಳಿಯುವುದು ಮೂರೇ ದಾರಿ: ತಿಪ್ಪೆ, ಹಳ್ಳ ಅಥವಾ ಬೆಂಕಿ.

ಬೆಂಕಿಯ ದಾರಿ ಎಲ್ಲಕ್ಕಿಂತ ಕೆಟ್ಟದ್ದು. ಪಿವಿಸಿಯ ತೂಕದಲ್ಲಿ ಶೇಕಡಾ 57ರಷ್ಟು ಕ್ಲೋರಿನ್ ಇರುತ್ತದೆ. ಬಯಲಿನಲ್ಲಿ ಸುಟ್ಟಾಗ ಅದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯಾಗಿ ಹೊರಬರುವುದಲ್ಲದೆ ಡಯಾಕ್ಸಿನ್ ಮತ್ತು ಫ್ಯುರಾನ್‌ಗಳಿಗೂ ಜನ್ಮ ನೀಡುತ್ತದೆ. ಡಯಾಕ್ಸಿನ್ ಮೇವಿನ ಮೇಲೆ ಕುಳಿತು, ಹಸುವಿನ ಹೊಟ್ಟೆ ಸೇರಿ, ಹಾಲಿನ ಕೊಬ್ಬಿನ ಮೂಲಕ ಮನುಷ್ಯರ ದೇಹಕ್ಕೆ ಬರುತ್ತದೆ. ದೀರ್ಘಕಾಲ ಉಳಿಯುವ ಇಂತಹ ಸಾವಯವ ಮಾಲಿನ್ಯಕಾರಕಗಳ ವಿರುದ್ಧ 2001ರಲ್ಲಿ ರೂಪುಗೊಂಡ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಭಾರತವು 2006ರಲ್ಲಿ ಅನುಮೋದನೆ ನೀಡಿದೆ. ಆ ಒಪ್ಪಂದವು ಕಸವನ್ನು ಬಯಲಿನಲ್ಲಿ ಸುಡುವುದನ್ನು ಡಯಾಕ್ಸಿನ್‌ನ ಮೂಲಗಳಲ್ಲಿ ಒಂದೆಂದು ಹೆಸರಿಸಿದೆ. ಆದರೂ ಚಳಿಗಾಲದ ಮುಂಜಾವಿನಲ್ಲಿ ಕಸದ ರಾಶಿಗೆ ಕಡ್ಡಿ ಗೀರುವ ಕೈಗೆ ಈ ಸಂಗತಿ ಇನ್ನೂ ತಲುಪಿಲ್ಲ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕ ಸರ್ಕಾರವು 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ಪ್ಲಾಸ್ಟಿಕ್ ಕೈಚೀಲಗಳೊಂದಿಗೆ ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್ಸ್ ಮತ್ತು ಫ್ಲೆಕ್ಸ್‌ಗಳನ್ನೂ ನಿಷೇಧಿಸಿತು. ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ಜಾರಿಗೆ ತಂದ ನಿಷೇಧದ ಪಟ್ಟಿಯಲ್ಲಿ ಪಿವಿಸಿ ಬ್ಯಾನರ್ ಇದೆಯಾದರೂ ಅದು 100 ಮೈಕ್ರಾನ್‌ಗಿಂತ ತೆಳುವಾದವುಗಳಿಗೆ ಮಾತ್ರ ಅನ್ವಯಿಸುತ್ತದೆ. ಬೀದಿಯಲ್ಲಿ ಕಾಣುವ ಸಾಮಾನ್ಯ ಫ್ಲೆಕ್ಸ್ ಅದಕ್ಕಿಂತ ಎಷ್ಟೋ ದಪ್ಪ. ದಪ್ಪವಾದಷ್ಟೂ ಕೇಂದ್ರದ ನಿಯಮದಿಂದ ಪಾರಾಗುವ ಈ ವಿಪರ್ಯಾಸವನ್ನು ರಾಜ್ಯದ ಅಧಿಸೂಚನೆಯೊಂದೇ ತಡೆಯಬೇಕಾಗಿದೆ. ಆದರೆ ಅದು ಕಡತದಲ್ಲಿ ಇರುವಷ್ಟು ಗಟ್ಟಿಯಾಗಿ ಬೀದಿಯಲ್ಲಿ ಇಲ್ಲ.

ಇಲ್ಲಿ ಹಾನಗಲ್ ಸೀಮೆಯ ಒಂದು ಹಳೆಯ ಪಾಠವನ್ನು ನೆನೆಯುವುದು ಉಚಿತ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಗೋಮಾಳದಂತಹ ಸಾಮುದಾಯಿಕ ಭೂಮಿಯಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಜನರು ಕಿತ್ತರು. ಅಷ್ಟಕ್ಕೇ ನಿಲ್ಲದೆ, ಅದೇ ನೆಲದಲ್ಲಿ ಊರಿಗೆ ಉಪಯೋಗವಾಗುವ ಸಸಿಗಳನ್ನು ಹಚ್ಚಿದರು. ಕೀಳುವುದು ಅರ್ಧ ಕೆಲಸ, ಹಚ್ಚುವುದು ಉಳಿದರ್ಧ ಎಂಬ ವಿವೇಕ ಆ ಹೆಸರಿನಲ್ಲೇ ಇತ್ತು. ಫ್ಲೆಕ್ಸ್ ವಿರೋಧಿ ಹೋರಾಟವು ಇಂದಿಗೂ ಮೊದಲರ್ಧದಲ್ಲೇ ನಿಂತಿದೆ. ಅದರ ಜಾಗದಲ್ಲಿ ಏನನ್ನು ಕಟ್ಟಬೇಕು, ಹೇಗೆ ಕಟ್ಟಬೇಕು ಎಂಬುದನ್ನು ಯಾರೂ ಕೈಯಿಂದ ಮಾಡಿ ತೋರಿಸುತ್ತಿಲ್ಲ.

ಬಟ್ಟೆಯ ಬ್ಯಾನರ್ ಬಳಸಿರೆಂದು ಹೇಳುವುದು ಸುಲಭ. ಬಳಸಿದವರ ಅನುಭವ ಮಾತ್ರ ಬೇರೆ. ಮೂಲೆಗೆ ತೂತು ಮಾಡಿ ಸುತಳಿ ಕಟ್ಟಿದ ಬಟ್ಟೆ ಮುಂಗಾರಿನ ಮೊದಲ ಗಾಳಿಗೇ ಹರಿಯುತ್ತದೆ. ಹರಿದ ಬಟ್ಟೆಯನ್ನು ಕಂಡ ಕಾರ್ಯಕರ್ತರು ಮುಂದಿನ ಸಭೆಗೆ ಸದ್ದಿಲ್ಲದೆ ಫ್ಲೆಕ್ಸ್ ಮುದ್ರಿಸುತ್ತಾರೆ. ಇಲ್ಲಿ ಸೋತದ್ದು ಬಟ್ಟೆಯಲ್ಲ, ಅದರ ಅಂಚು. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಬ್ಯಾನರಿಗೆ ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ ನೇರವಾಗಿ ಬಡಿದರೆ ಅದರ ಮೇಲೆ ಬೀಳುವ ಒತ್ತಡ ಸುಮಾರು 60 ಕಿಲೋಗ್ರಾಂ ಭಾರಕ್ಕೆ ಸಮ. ಗಾಳಿಯ ವೇಗ ಇಮ್ಮಡಿಸಿದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ನಾಲ್ಕೇ ಮೂಲೆಯಲ್ಲಿ ಕಟ್ಟಿದಾಗ ಒಂದೊಂದು ತೂತು ಸುಮಾರು 15 ಕಿಲೋಗ್ರಾಂ ಹೊರಬೇಕು. ಸುತ್ತಲೂ ಎರಡು ಅಡಿಗೊಂದರಂತೆ ಹದಿನಾಲ್ಕು ಕಡೆ ಕಟ್ಟಿದರೆ ಪ್ರತಿಯೊಂದರ ಪಾಲು ನಾಲ್ಕೈದು ಕಿಲೋಗ್ರಾಂಗೆ ಇಳಿಯುತ್ತದೆ.

ಈ ಹೊರೆಯನ್ನು ಹೊರುವುದು ಮಡಿಸಿದ ಅಂಚು ಮತ್ತು ಅದರಲ್ಲಿ ಕೂರಿಸುವ ಲೋಹದ ಕಣ್ಣು. ಪೇಟೆಯಲ್ಲಿ ಇದನ್ನು ಐಲೆಟ್ ಎನ್ನುತ್ತಾರೆ. ಕೊಳವೆಯುಳ್ಳ ಒಂದು ಉಂಗುರ, ಹಿಂಬದಿಗೆ ಒಂದು ವಾಷರ್, ಕೂರಿಸಲು ಒಂದು ಅಚ್ಚು ಮತ್ತು ಸುತ್ತಿಗೆ ಇಷ್ಟೇ ಸಾಮಗ್ರಿ. ಆದರೆ ದಪ್ಪ ಅಂಚಿನಲ್ಲಿ ಇದನ್ನು ಕೂರಿಸುವಾಗ ತಪ್ಪುವವರೇ ಹೆಚ್ಚು. ಅಂಚನ್ನು ಎರಡು ಬಾರಿ ಮಡಿಸಿ ಹೊಲಿದರೆ ಬದಿಯಲ್ಲಿ ಮೂರು ಪದರ, ಮೂಲೆಯಲ್ಲಿ ಒಂಬತ್ತು ಪದರ ಬರುತ್ತದೆ. ಬದಿಗೆ ಸರಿಹೋಗುವ ಗಿಡ್ಡ ಕೊಳವೆ ಮೂಲೆಯ ಒಂಬತ್ತು ಪದರವನ್ನು ದಾಟಿ ಮೇಲೆ ಬರುವುದಿಲ್ಲ. ಮೇಲೆ ಬಾರದ ಕೊಳವೆ ವಾಷರಿನ ಮೇಲೆ ಸುರುಳಿಯಾಗುವುದಿಲ್ಲ. ಹೊಡೆದವರಿಗೆ ಕೂತಂತೆ ಕಂಡರೂ ಮೊದಲ ಎಳೆತಕ್ಕೆ ಅದು ಕಿತ್ತು ಬರುತ್ತದೆ.

ಪರಿಹಾರ ಕಷ್ಟದ್ದೇನಲ್ಲ. ಮಡಿಸುವ ಮೊದಲೇ ಮೂಲೆಯ ಒಳಪದರವನ್ನು ಓರೆಯಾಗಿ ಕತ್ತರಿಸಿ ತೆಗೆದರೆ ಅಲ್ಲಿನ ದಪ್ಪ ಕಡಿಮೆಯಾಗುತ್ತದೆ. ಇಲ್ಲವಾದರೆ ಮೂಲೆಗೆ ಉದ್ದ ಕೊಳವೆಯ ಕಣ್ಣನ್ನೇ ಆರಿಸಬೇಕು. ಕೊಳವೆಯು ಪದರಗಳನ್ನು ದಾಟಿ ಎರಡು ಮೂರು ಮಿಲಿಮೀಟರ್ ಮೇಲೆದ್ದಿರಬೇಕು. ತೂತು ಕೊಳವೆಗಿಂತ ದೊಡ್ಡದಾಗಬಾರದು, ಬಿಗಿಯಾಗಿ ತೂರುವಷ್ಟಿದ್ದರೆ ಸಾಕು. ಅತಿಯಾಗಿ ಬಡಿದರೆ ಕೊಳವೆ ಸೀಳಿ, ಅದರ ಚೂಪು ಹಗ್ಗವನ್ನೇ ಕೊಯ್ಯುತ್ತದೆ. ಕಡಿಮೆ ಬಡಿದರೆ ಉಂಗುರ ಸಡಿಲವಾಗಿ ತಿರುಗುತ್ತದೆ. ಬೆರಳಿನಿಂದ ತಿರುಗಿಸಿದಾಗ ಅಲುಗದಿರುವುದೇ ಸರಿಯಾಗಿ ಕೂತದ್ದರ ಗುರುತು. ಮಲೆನಾಡಿನ ಮಳೆಗೆ ಹಿತ್ತಾಳೆಯದೇ ಲೇಸು. ಲೇಪನ ಕೊಟ್ಟ ಕಬ್ಬಿಣ ತುಕ್ಕು ಹಿಡಿದಾಗ ಸುತ್ತಲಿನ ಹತ್ತಿಯ ನೂಲನ್ನೂ ದುರ್ಬಲಗೊಳಿಸುತ್ತದೆ.

ಅಂಚಿನ ಮಹತ್ವವನ್ನು ಅರಿಯಲು ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಭಾರತೀಯ ಮಾನಕಕ್ಕೆ ಅನುಗುಣವಾಗಿ ರಾಷ್ಟ್ರಧ್ವಜವನ್ನು ತಯಾರಿಸುತ್ತದೆ. ಧ್ವಜದ ಅತಿ ದೊಡ್ಡ ಅಳತೆ 21 ಅಡಿಗೆ 14 ಅಡಿ. ಅಷ್ಟು ದೊಡ್ಡ ಬಟ್ಟೆ ಗಾಳಿಯಲ್ಲಿ ನಿಲ್ಲುವುದು ಕಂಬದ ಬದಿಯ ಪಟ್ಟಿಯೊಳಗೆ ಹಾಯಿಸಿದ ಹಗ್ಗದ ಬಲದಿಂದ. ಹೊರೆ ಒಂದು ಬಿಂದುವಿನಲ್ಲಿ ನಿಲ್ಲದೆ ಇಡೀ ಅಂಚಿಗೆ ಹಂಚಿಹೋಗುತ್ತದೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರನಿರ್ಮಿತ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ದೊರೆತ ಮೇಲೆ ಈ ಕೈಗಳ ಕೆಲಸದ ಮೇಲೂ ಅಗ್ಗದ ಸರಕಿನ ನೆರಳು ಬಿದ್ದಿದೆ. ಪರಿಸರ ಸಂಘಟನೆಗಳು ತಮ್ಮ ಬ್ಯಾನರಿಗೆ ದಪ್ಪ ಖಾದಿಯನ್ನೋ ಕೈಮಗ್ಗದ ಬಟ್ಟೆಯನ್ನೋ ಕೊಂಡರೆ ಆ ಹಣ ಎಲ್ಲಿಗೆ ಸೇರಬೇಕೋ ಅಲ್ಲಿಗೇ ಸೇರುತ್ತದೆ. ಫ್ಲೆಕ್ಸ್ ಯಂತ್ರದಿಂದ ಕೆಲಸ ಕಳೆದುಕೊಂಡ ಊರಿನ ಬೋರ್ಡ್ ಬರೆಯುವ ಕಲಾವಿದರಿಗೂ ಒಂದಿಷ್ಟು ಕೆಲಸವಾಗುತ್ತದೆ.

ಕಣ್ಣಿನಿಂದ ಇನ್ನೊಂದು ಪ್ರಯೋಜನವೂ ಉಂಟು. ಕಣ್ಣಿಲ್ಲದ ಬ್ಯಾನರಿಗೆ ರಸ್ತೆಬದಿಯ ಮರವೂ ಮೊಳೆಯೂ ಗತಿ. ಕಾರ್ಯಕ್ರಮ ಮುಗಿದ ಮೇಲೆ ಬಿಚ್ಚದೆ ಬಿಟ್ಟ ಬೈಂಡಿಂಗ್ ತಂತಿ ಮರ ಬೆಳೆದಂತೆ ತೊಗಟೆಯೊಳಗೆ ಹೂತುಹೋಗಿ, ಎಲೆಯಿಂದ ಬೇರಿಗೆ ಆಹಾರ ಸಾಗಿಸುವ ನಾಳಗಳನ್ನು ಹಿಸುಕುತ್ತದೆ. ಸುತ್ತಲೂ ಕಣ್ಣುಗಳಿದ್ದರೆ ಎರಡು ಬಿದಿರಿನ ಗಳುಗಳ ನಡುವೆ ಹಗ್ಗ ಹೆಣೆದು ನಿಲ್ಲಿಸಬಹುದು, ಸಂಜೆಗೆ ಬಿಚ್ಚಿ ಮಡಿಸಬಹುದು.

ಬಟ್ಟೆಯೇ ಪವಿತ್ರವೆಂದು ಭಾವಿಸುವುದೂ ತಪ್ಪು. ಹತ್ತಿ ಬೆಳೆಗೆ ಬೀಳುವ ಕೀಟನಾಶಕದ ಲೆಕ್ಕ ಹಾವೇರಿ ಜಿಲ್ಲೆಯ ರೈತರಿಗೆ ಚೆನ್ನಾಗಿ ಗೊತ್ತು. ಒಂದು ದಿನದ ಸಭೆಗೆ ಹೊಲಿಸಿ ಮೂಲೆಗೆಸೆಯುವ ಬಟ್ಟೆಯ ಬ್ಯಾನರ್ ಫ್ಲೆಕ್ಸ್‌ಗಿಂತ ಬಹಳ ದೊಡ್ಡ ಪುಣ್ಯದ ಕೆಲಸವಲ್ಲ. ಹತ್ತಾರು ವರ್ಷ ಬಾಳಿದರೆ ಮಾತ್ರ ಅದು ಸಾರ್ಥಕ. ಆದ್ದರಿಂದ ಬ್ಯಾನರಿನ ಮೇಲೆ ಸಂಘಟನೆಯ ಹೆಸರು ಮತ್ತು ಆಶಯ ಮಾತ್ರ ಇರಲಿ. ದಿನಾಂಕ, ಸ್ಥಳ, ಅತಿಥಿಗಳ ಹೆಸರನ್ನು ಬೇರೊಂದು ಕಾಗದದ ಪಟ್ಟಿಯಲ್ಲಿ ಬರೆದು ಕೆಳಗೆ ಸಿಕ್ಕಿಸಬಹುದು. ಹೆಸರು ಕಾಣದ ಅತಿಥಿ ಮುನಿಸಿಕೊಳ್ಳುವ ಸಾಧ್ಯತೆಯಿದ್ದರೆ ಅಂಥವರನ್ನು ಕರೆಯುವ ಮೊದಲು ಇನ್ನೊಮ್ಮೆ ಯೋಚಿಸುವುದು ಒಳಿತು.

ಇನ್ನು ಈಗಾಗಲೇ ಊರುಗಳಲ್ಲಿ ತುಂಬಿರುವ ಫ್ಲೆಕ್ಸ್ ವಿಚಾರ. ತಾಡಪತ್ರಿ ಕೊಳ್ಳಲಾರದ ಸಣ್ಣ ರೈತನ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲ. ಅಂಚು ಮಡಿಸಿ, ಹೊಲಿದು, ಕಣ್ಣು ಕೂರಿಸಿಕೊಟ್ಟರೆ ಸೌದೆಯ ರಾಶಿಗೋ ಟ್ರೇಲರಿನ ಹೊದಿಕೆಗೋ ಅದು ಇನ್ನೂ ಕೆಲವು ವರ್ಷ ಒದಗುತ್ತದೆ, ಅಷ್ಟು ವರ್ಷ ಬೆಂಕಿಯಿಂದ ದೂರ ಉಳಿಯುತ್ತದೆ. ಆದರೆ ಕಾಳು ಒಣಗಿಸಲು, ಮೇವು ಮುಚ್ಚಲು ಅದು ಸಲ್ಲದು. ಬಿಸಿಲಿಗೆ ಸಿಕ್ಕು ಜೀರ್ಣವಾದ ಫ್ಲೆಕ್ಸ್ ಚಕ್ಕೆಚಕ್ಕೆಯಾಗಿ ಉದುರಿ ರಾಶಿಯಲ್ಲಿ ಬೆರೆಯುತ್ತದೆ. ಅದನ್ನು ಮೆದುವಾಗಿಸಲು ಬೆರೆಸಿದ ಥ್ಯಾಲೇಟ್‌ನಂತಹ ರಾಸಾಯನಿಕಗಳು ಎಣ್ಣೆ, ಜಿಡ್ಡು ತಗುಲಿದಾಗ ಸುಲಭವಾಗಿ ಹೊರಬರುತ್ತವೆ. ಶೇಂಗಾ ಬೆಳೆಯುವ ಸೀಮೆಯಲ್ಲಿ ಈ ಎಚ್ಚರಿಕೆ ಇನ್ನಷ್ಟು ಅಗತ್ಯ. ಹಳೆಯ ಫ್ಲೆಕ್ಸ್ ಉಪಯೋಗಕ್ಕೆ ಬರುತ್ತದೆಂಬ ಮಾತು ಹೊಸದನ್ನು ಮುದ್ರಿಸಲು ನೆಪವಾಗಲೂಬಾರದು.

ಪ್ರತಿಯೊಂದು ಪರಿಸರ ಸಂಘಟನೆಯೂ ಒಂದು ಅಚ್ಚು, ಒಂದು ಸುತ್ತಿಗೆ ಮತ್ತು ಒಂದು ಪೊಟ್ಟಣ ಹಿತ್ತಾಳೆಯ ಕಣ್ಣುಗಳನ್ನು ಕೊಂಡಿಟ್ಟುಕೊಳ್ಳುವುದು ದೊಡ್ಡ ಖರ್ಚಲ್ಲ. ಊರಿನ ದರ್ಜಿಯೊಬ್ಬರನ್ನು ಕರೆದು ಕಾರ್ಯಕರ್ತರಿಗೆ ಅರ್ಧ ದಿನದ ತರಬೇತಿ ಕೊಡಿಸಬಹುದು. ಮುಂದಿನ ಸಭೆಯ ಕರಪತ್ರ ಅಚ್ಚಾಗುವ ಮೊದಲು ಈ ಕೆಲಸ ಮುಗಿದರೆ, ನಿಷೇಧವನ್ನು ಜಾರಿಗೊಳಿಸಿ ಎಂದು ತಹಶೀಲ್ದಾರರ ಕಚೇರಿಯ ಮುಂದೆ ನಿಲ್ಲುವವರಿಗೆ ತಮ್ಮ ಬೆನ್ನ ಹಿಂದಿನ ಬ್ಯಾನರಿನ ಬಗ್ಗೆ ಅಳುಕು ಇರುವುದಿಲ್ಲ.